ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ: ಮಂಗಳೂರಿಗೆ ಬಂದ ಫ್ರೆಂಚ್ ಹಡಗು

ಪ್ರಶ್ನೆ: ನಮ್ಮೂರು ಹೈದರಾಲಿ ಹುಟ್ಟಿದ ಊರು. ಟಿಪ್ಪುವಿಗೆ ನೆರವಾಗಲು ಫ್ರಾನ್ಸಿನ ಕಡಲ್ಗಳ್ಳರ ಹಡಗೊಂದು ಸಾವಿರಾರು ಸೈನಿಕರನ್ನು ತುಂಬಿಕೊಂಡು ಮಂಗಳೂರಿಗೆ ಬಂದಿತ್ತೆಂದು ನಮ್ಮ ತಾತ ಹೇಳುತ್ತಿದ್ದರು. ಒಂಬತ್ತನೆಯ ತರಗತಿಯಲ್ಲಿರುವ ಮಗಳು ಅದು ನೌಕಾಪಡೆಯ ಹಡಗು ಎನ್ನುತ್ತಾಳೆ. ಯಾರ ಮಾತು ಸರಿ?
— ಓದುಗರೊಬ್ಬರು, ಬೂದಿಕೋಟೆ

ಉತ್ತರ: ಮಗಳ ಮಾತು ಸರಿ. ತಾತನವರೂ ಸುಳ್ಳು ಹೇಳಿದವರಲ್ಲ, ಎರಡು ಹಡಗುಗಳ ಕಥೆಯನ್ನು ಒಂದಾಗಿ ಹೆಣೆದಿದ್ದಾರೆ. ಎರಡನ್ನೂ ಬಿಡಿಸಿ ಹೇಳುತ್ತೇನೆ.

ಮೊದಲ ಹಡಗು 1797ರಲ್ಲಿ ಬಂತು. ಬಿರುಗಾಳಿಗೆ ಸಿಕ್ಕಿ ಜಖಂಗೊಂಡು ಮಂಗಳೂರು ಸೇರಿದ ಆ ಹಡಗಿನ ಕಪ್ತಾನ ರಿಪೋ. ಅವನೇ ನಿಮ್ಮ ತಾತ ಹೇಳಿದ ‘ಕಡಲ್ಗಳ್ಳ’. ಆದರೆ ಆ ಪದ ಅವನಿಗೆ ಪೂರ್ತಿ ಒಪ್ಪುವುದಿಲ್ಲ. ಅಂಥವರನ್ನು ಫ್ರೆಂಚರು ಕೊರ್ಸೇರ್ ಎನ್ನುತ್ತಿದ್ದರು, ಇಂಗ್ಲಿಷರು ಪ್ರೈವೇಟಿಯರ್ ಎಂದರು. ವ್ಯಾಪಾರಿಗಳು ಹಣ ಹೂಡಿ ಹಡಗನ್ನು ಸಜ್ಜುಗೊಳಿಸುತ್ತಿದ್ದರು. ಶತ್ರುದೇಶದ ಹಡಗುಗಳನ್ನು ಹಿಡಿಯಲು ಸರ್ಕಾರ ಒಂದು ಪರವಾನಗಿ ಪತ್ರ ಕೊಡುತ್ತಿತ್ತು. ಹಿಡಿದ ಹಡಗು ನ್ಯಾಯಾಲಯದ ಮುಂದೆ ಬಂದು, ಅದು ಸಕ್ರಮ ಎಂದು ತೀರ್ಪಾದ ಮೇಲೆ ಹಣ ಹೂಡಿದವರಿಗೆ, ಕಪ್ತಾನನಿಗೆ, ನಾವಿಕರಿಗೆ ಪಾಲು. ಆ ಪತ್ರ ಕೈಯಲ್ಲಿದ್ದು ಸಿಕ್ಕಿಬಿದ್ದರೆ ಯುದ್ಧಕೈದಿ, ಪತ್ರವಿಲ್ಲದಿದ್ದರೆ ಗಲ್ಲು.

ಆ ಕಾಗದದ ಬೆಲೆ ಎಷ್ಟೆಂದು ತಿಳಿಯಲು ಸೇಂಟ್ ಮಾಲೋ ಊರಿನ ರಾಬೇರ್ ಸುರ್ಕೂಫ್‌ನ ಕಥೆ ಸಾಕು. 1796ರ ಜನವರಿಯಲ್ಲಿ ಅವನು ಬಂಗಾಳ ಕೊಲ್ಲಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ‘ಟ್ರೈಟನ್’ ಎಂಬ ದೊಡ್ಡ ಹಡಗನ್ನು ಬೆರಳೆಣಿಕೆಯ ಜನರೊಂದಿಗೆ ಹತ್ತಿ ವಶಪಡಿಸಿಕೊಂಡ. ಇಂದು ಮಾರಿಷಸ್ ಎನ್ನುವ ಐಲ್ ಡಿ ಫ್ರಾನ್ಸ್ ದ್ವೀಪಕ್ಕೆ ಮರಳಿದಾಗ ಅಲ್ಲಿನ ಆಡಳಿತ ಅವನು ಹಿಡಿದದ್ದನ್ನೆಲ್ಲ ಮುಟ್ಟುಗೋಲು ಹಾಕಿತು. ಸಾಹಸದ ಬಗ್ಗೆ ಯಾರದೂ ತಕರಾರಿರಲಿಲ್ಲ, ಪರವಾನಗಿ ಪತ್ರ ಮಾತ್ರ ಇರಲಿಲ್ಲ. ಅವನು ಪ್ಯಾರಿಸ್ಸಿಗೇ ಹೋಗಿ ವಾದಿಸಿ ಒಂದಷ್ಟು ಪರಿಹಾರ ಪಡೆಯಬೇಕಾಯಿತು. ಮುಂದೆ 1800ರ ಅಕ್ಟೋಬರ್ 7ರಂದು ‘ಕೊನ್ಫಿಯಾನ್ಸ್’ ಎಂಬ ಖಾಸಗಿ ಹಡಗಿನಲ್ಲಿ ಬಂದು, ಅದಕ್ಕಿಂತ ಎಷ್ಟೋ ದೊಡ್ಡದಾದ ‘ಕೆಂಟ್’ ಅನ್ನು ಹಿಡಿದವನೂ ಇವನೇ. ಆಗ ಅವನ ಬಳಿ ಪತ್ರವಿತ್ತು.

ರಿಪೋನ ವಿಷಯಕ್ಕೆ ಬರೋಣ. ತಾನು ಐಲ್ ಡಿ ಫ್ರಾನ್ಸಿನ ಪರವಾಗಿ ಬಂದವನೆಂದೂ, ಅಲ್ಲಿ ಹತ್ತು ಸಾವಿರ ಫ್ರೆಂಚ್ ಸೈನಿಕರು ಮೈಸೂರಿಗೆ ಹೊರಡಲು ಸಿದ್ಧರಾಗಿದ್ದಾರೆಂದೂ ಅವನು ಹೇಳಿಕೊಂಡ. ಟಿಪ್ಪುವಿನ ಮಂತ್ರಿಗಳಿಗೆ ಅವನ ಮೇಲೆ ನಂಬಿಕೆ ಹುಟ್ಟಲಿಲ್ಲ. ಟಿಪ್ಪು ನಂಬಿದ, ದ್ವೀಪಕ್ಕೆ ರಾಯಭಾರಿಗಳನ್ನು ಕಳುಹಿಸಿದ. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಕಳೆದುಕೊಂಡು, ಎರಡು ಮಕ್ಕಳನ್ನು ಒತ್ತೆಯಿಟ್ಟವನಿಗೆ ಹತ್ತು ಸಾವಿರ ಎಂಬ ಮಾತು ಹೇಗೆ ಕೇಳಿಸಿರಬೇಕು! ನನಗಂತೂ ಅವನನ್ನು ಹಳಿಯಲು ಮನಸ್ಸು ಬರುವುದಿಲ್ಲ.

1798ರ ಜನವರಿಯಲ್ಲಿ ರಾಯಭಾರಿಗಳು ದ್ವೀಪ ಮುಟ್ಟಿದಾಗ ಅಲ್ಲಿ ಕೊಡಲು ಸೈನ್ಯವೇ ಇರಲಿಲ್ಲ. ಗುಟ್ಟಾಗಿ ಮುಗಿಯಬೇಕಿದ್ದ ಮಾತುಕತೆಯನ್ನು ಗವರ್ನರ್ ಮಲಾರ್ತಿಕ್ ಜನವರಿ 30ರಂದು ಊರಿಗೆಲ್ಲ ಡಂಗುರ ಸಾರಿದ. ಇಂಗ್ಲಿಷರ ಮೇಲೆ ಯುದ್ಧ ಹೂಡಲು ಟಿಪ್ಪು ಫ್ರೆಂಚರ ದಾರಿ ಕಾಯುತ್ತಿದ್ದಾನೆ, ಮನಸ್ಸಿದ್ದವರು ಬಂದು ಸೇರಿ ಎಂಬ ಪ್ರಕಟಣೆ ಅದು. ಸೇರಿದವರು ನೂರರ ಆಸುಪಾಸು. ಅವರನ್ನೂ ರಾಯಭಾರಿಗಳನ್ನೂ ಹೊತ್ತು ಮಾರ್ಚ್‌ನಲ್ಲಿ ಹೊರಟದ್ದೇ ನಿಮ್ಮ ಮಗಳು ಹೇಳಿದ ನೌಕಾಪಡೆಯ ಹಡಗು, ‘ಪ್ರನ್ಯೂಜ್’ ಎಂಬ ಫ್ರಿಗೇಟು. ಹೆಸರಿಗೆ ‘ಹಿಡಿಯುವವಳು’ ಎಂದರ್ಥ. ಕಪ್ತಾನ ಲೆರ್ಮಿತ್. ದಾರಿಯಲ್ಲಿ ತಲಶ್ಶೇರಿಯ ಬಳಿ ಕಂಪನಿಯ ‘ವುಡ್‌ಕಾಟ್’, ‘ರೇಮಂಡ್’ ಎಂಬ ಎರಡು ಹಡಗುಗಳನ್ನು ಹಿಡಿದು, ಏಪ್ರಿಲ್ ಕೊನೆಯಲ್ಲಿ ಮಂಗಳೂರು ತಲುಪಿತು.

ಸಾವಿರಾರು ಸೈನಿಕರ ನಿರೀಕ್ಷೆಯಲ್ಲಿದ್ದ ದಂಡೆಯ ಮೇಲೆ ನೂರು ಜನ ಇಳಿದರು. ಇದನ್ನು ಪಾಠ ಮಾಡುವಾಗ ನಾನು ಕರಿಹಲಗೆಯ ಮೇಲೆ ಒಂದು ಬದಿಗೆ 10,000, ಇನ್ನೊಂದು ಬದಿಗೆ 100 ಎಂದು ಬರೆದು ಸುಮ್ಮನೆ ನಿಲ್ಲುತ್ತಿದ್ದೆ. ತರಗತಿಯೂ ಸುಮ್ಮನಾಗುತ್ತಿತ್ತು. ಆ ನೂರು ಜನರಿಗಿಂತ ಕೇಡು ಮಾಡಿದ್ದು ಆ ಪ್ರಕಟಣೆ. ಜೂನ್ ತಿಂಗಳಲ್ಲಿ ಅದು ಕಲ್ಕತ್ತೆಯ ಪತ್ರಿಕೆಯಲ್ಲಿ ಅಚ್ಚಾಗಿ, ಆಗಷ್ಟೇ ಬಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಯ ಕೈಗೆ ಯುದ್ಧಕ್ಕೆ ಬೇಕಾದ ನೆಪವನ್ನು ಇಟ್ಟುಬಿಟ್ಟಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ಪ್ರಶ್ನೆ: ಫ್ರಿಗೇಟು ಎಂದರೆ ಎಂಥ ಹಡಗು? ಆ ಮಂಗಳೂರಿನ ಹಡಗು ಕೊನೆಗೆ ಏನಾಯಿತು?
— ಓದುಗರೊಬ್ಬರು, ಮುಳಬಾಗಿಲು

ಉತ್ತರ: ಮೂರು ಕೂವೆಮರ, ತೋಪುಗಳ ಒಂದೇ ಮುಖ್ಯ ಅಂತಸ್ತು, ಒಳ್ಳೆಯ ವೇಗ. ದೊಡ್ಡ ಯುದ್ಧನೌಕೆಯೊಡನೆ ಸಾಲಿನಲ್ಲಿ ನಿಂತು ಕಾದಾಡುವ ಕಸುವು ಇಲ್ಲ, ವ್ಯಾಪಾರದ ಹಡಗನ್ನು ಅಟ್ಟಿ ಹಿಡಿಯಲು ಅದಕ್ಕೆ ಸಮನಿಲ್ಲ. ಪ್ರನ್ಯೂಜ್‌ನಲ್ಲಿ ನಲವತ್ತರ ಆಸುಪಾಸು ತೋಪುಗಳಿದ್ದವು. ಆ ಕಾಲದ ದೊಡ್ಡ ಫ್ರೆಂಚ್ ಫ್ರಿಗೇಟುಗಳ ಮುಖ್ಯ ತೋಪಿನ ಗುಂಡು ಹದಿನೆಂಟು ಪೌಂಡಿನದು. ಫ್ರೆಂಚ್ ಪೌಂಡು ಇಂಗ್ಲಿಷರದಕ್ಕಿಂತ ತೂಕದ್ದು, ಹಾಗಾಗಿ ಒಂದು ಗುಂಡು ಸುಮಾರು ಎಂಟೂಮುಕ್ಕಾಲು ಕಿಲೋ. ಕೋಲಾರದ ಮಂಡಿಯಲ್ಲಿ ಹದಿನೈದು ಕಿಲೋ ಟೊಮೆಟೊ ಬಾಕ್ಸ್ ಎತ್ತಿದವರಿಗೆ ಬೇಗ ತಿಳಿಯುತ್ತದೆ: ಅಂಥ ಎರಡು ಗುಂಡು ಸೇರಿದರೆ ಆ ಬಾಕ್ಸಿಗಿಂತ ಭಾರ. ಅದನ್ನು ಓಲಾಡುವ ಹಡಗಿನಲ್ಲಿ, ಹೊಗೆಯ ನಡುವೆ, ಮತ್ತೆ ಮತ್ತೆ ತೋಪಿಗೆ ತುಂಬಬೇಕು.

1799ರ ಅಕ್ಟೋಬರಿನಲ್ಲಿ ಆಫ್ರಿಕದ ದಕ್ಷಿಣದ ಕಡಲಿನಲ್ಲಿ ಐವತ್ತು ತೋಪುಗಳ ಬ್ರಿಟಿಷ್ ಹಡಗು ‘ಜುಪಿಟರ್’ ಪ್ರನ್ಯೂಜ್‌ನ ಬೆನ್ನುಹತ್ತಿತು. ಅಲೆಗಳ ಅಬ್ಬರಕ್ಕೆ ಜುಪಿಟರ್ ತನ್ನ ಕೆಳಗಿನ ಸಾಲಿನ ತೋಪುಕಿಂಡಿಗಳನ್ನು ತೆರೆಯಲಾಗಲಿಲ್ಲ. ಲೆರ್ಮಿತ್ ಅದನ್ನು ಕಂಡು ತಿರುಗಿಬಿದ್ದು, ದೊಡ್ಡ ಹಡಗನ್ನೇ ಜಖಂಗೊಳಿಸಿ ಹಿಮ್ಮೆಟ್ಟಿಸಿದ. ಸಮುದ್ರದ ಮೇಲೆ ಕಣ್ಣಿಟ್ಟು ಗೆದ್ದ ಈ ಕಾಳಗ ನನಗೆ ಅವನ ಬೇರೆಲ್ಲ ಗೆಲುವಿಗಿಂತ ಹೆಚ್ಚು ಇಷ್ಟ.

ಅದೇ ವರ್ಷ ಡಿಸೆಂಬರ್ 11ರಂದು, ಇನ್ನೇನು ಐಲ್ ಡಿ ಫ್ರಾನ್ಸಿನ ಪೋರ್ಟ್ ಲೂಯಿ ಬಂದರು ಸೇರಬೇಕು ಎನ್ನುವಾಗ, ‘ಟ್ರೆಮೆಂಡಸ್’ ಮತ್ತು ‘ಅಡಮಂಟ್’ ಎಂಬ ಎರಡು ಬ್ರಿಟಿಷ್ ನೌಕೆಗಳು ಅಡ್ಡಗಟ್ಟಿದವು. ಪ್ರನ್ಯೂಜ್ ದಡದ ಬಳಿ ನೆಲ ಕಚ್ಚಿತು. ಬ್ರಿಟಿಷರು ದೋಣಿಗಳಲ್ಲಿ ಬಂದು ಹತ್ತಿ, ಬೆಂಕಿಯಿಟ್ಟರು. ಟಿಪ್ಪು ಮಡಿದು ಆಗ ಏಳು ತಿಂಗಳು ಕಳೆದಿತ್ತು.

ಬೂದಿಕೋಟೆಯ ಮಗಳಿಗೊಂದು ಕೆಲಸ ಕೊಡುತ್ತೇನೆ. ಅಟ್ಲಾಸ್ ತೆರೆದು ಪೋರ್ಟ್ ಲೂಯಿಯಿಂದ ತಲಶ್ಶೇರಿ, ಅಲ್ಲಿಂದ ಮಂಗಳೂರಿನವರೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಒಟ್ಟು ಎಷ್ಟು ಕಿಲೋಮೀಟರ್ ಎಂದು ಅಳತೆಪಟ್ಟಿಯ ಪ್ರಕಾರ ಲೆಕ್ಕ ಹಾಕಲಿ. ಹಾಳೆಯನ್ನು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿದರೆ ತಿದ್ದಿ ಮರಳಿಸುತ್ತೇನೆ.