ಲೋಕದಲ್ಲಿ ಇಷ್ಟು ನೋವಿರುವಾಗ ದೇವರನ್ನು ಹೇಗೆ ನಂಬುತ್ತೀರಿ?

ನಿಮ್ಮ ಪ್ರಶ್ನೆ ಇಷ್ಟು: ದೇವರಿಗೆ ಎಲ್ಲ ಗೊತ್ತು, ಅವನು ಎಲ್ಲ ಮಾಡಬಲ್ಲ, ಮೇಲಾಗಿ ಕರುಣಾಳು ಅಂತೀರಿ. ಹಾಗಿದ್ದರೆ ಏನೂ ಅರಿಯದ ಮಕ್ಕಳು ಯಾಕೆ ಸಾಯುತ್ತಾರೆ? ಇದನ್ನು ಕಂಡೂ ನಂಬುವವರು ಹೇಗೆ ನಂಬುತ್ತಾರೆ?

ನಾನು ನಂಬುವವನು. ಓದಿದ್ದು ಬಿಕಾಂ. ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಪಂಡಿತರ ಉತ್ತರ ಬೇಕಿದ್ದರೆ ಇಲ್ಲಿಗೇ ಬಿಟ್ಟು ಮುಂದೆ ಹೋಗಿ. ಆದರೆ ಈ ಪ್ರಶ್ನೆ ನಾನು ಐದನೇ ಕ್ಲಾಸಿನಲ್ಲಿದ್ದಾಗಲೇ ನಮ್ಮ ಮನೆಗೆ ಬಂತು.

1993ರ ಸೆಪ್ಟೆಂಬರ್ 30. ನಸುಕಿನ ನಾಲ್ಕಕ್ಕೆ ಇನ್ನೂ ಕೆಲವು ನಿಮಿಷ ಇತ್ತು. ನಮ್ಮೂರು ಆಳಂದ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿರ. ಹಿಂದಿನ ರಾತ್ರಿ ಗಣಪತಿ ಕಳಿಸಿ ತಡವಾಗಿ ಮಲಗಿದ್ದೆವು. ಅಡುಗೆ ಮನೆಯ ತಾಮ್ರದ ಕೊಡ ತಾನಾಗೇ ಗಡಗಡ ಅಂದಿತು. ಮಾಳಿಗೆಯಿಂದ ಮಣ್ಣು ಉದುರಿ ಕೌದಿ ಮೇಲೆ ಬಿತ್ತು. ಮುತ್ಯಾ, ಅಂದರೆ ಅಜ್ಜ, "ಹೊರಗ ನಡೀರಿ, ಹೊರಗ ನಡೀರಿ" ಅಂತ ಕೂಗಿದ. ನಮಗೆ ಏನೂ ಆಗಲಿಲ್ಲ. ಗೋಡೆಯಲ್ಲಿ ಒಂದು ಮೊಳದ ಬಿರುಕು ಬಿಟ್ಟಿತ್ತು, ಅಷ್ಟೆ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಲಾತೂರು ಜಿಲ್ಲೆಯ ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳು ನೆಲಸಮ. ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಅಪ್ಪನ ತಂಗಿಯನ್ನು ಆ ಕಡೆಯ ಒಂದು ಹಳ್ಳಿಗೆ ಕೊಟ್ಟಿತ್ತು. ನಮ್ಮಲ್ಲಿ ಗಡಿ ದಾಟಿ ಹೆಣ್ಣು ಕೊಡುವುದು, ತರುವುದು ಮಾಮೂಲು. ಅತ್ತೆ ಬಾಗಿಲ ಹತ್ತಿರ ಮಲಗಿದ್ದರು, ಒಂದು ಕೈ ಮುರಿದು ಉಳಿದರು. ಅವರ ಮೂರು ವರ್ಷದ ಮಗ ಅಜ್ಜಿ ಹತ್ತಿರವೇ ಮಲಗ್ತೀನಿ ಅಂತ ಹಟ ಮಾಡಿ ಒಳಕೋಣೆಗೆ ಹೋಗಿದ್ದ. ಅಜ್ಜಿಯೂ ಇಲ್ಲ, ಅವನೂ ಇಲ್ಲ.

ವಾರದ ನಂತರ ಅತ್ತೆಯನ್ನು ನಮ್ಮ ಮನೆಗೆ ಕರೆತಂದರು. ಮಾತಾಡಿಸಲು ಬಂದ ಓಣಿಯ ಹಿರಿಯ ಹೆಂಗಸೊಬ್ಬಳು ಸಮಾಧಾನ ಹೇಳಿದಳು: "ಹಿಂದಿನ ಜಲ್ಮದ್ದು ಏನರ ಇರ್ತದ ತಂಗಿ, ಅನುಭೋಗಿಸಿ ತೀರಿಸ್ಬೇಕು." ಅತ್ತೆ ಪ್ಲಾಸ್ಟರ್ ಹಾಕಿದ ಕೈ ಮಡಿಲಲ್ಲಿಟ್ಟುಕೊಂಡು ಅಂದರು: "ನಂದಿದ್ರ ನನ್ನ ಮ್ಯಾಲ ಬೀಳಬೇಕಿತ್ತು. ಅದಕ್ಕಿನ್ನಾ ಚಡ್ಡಿ ಹಾಕ್ಕೊಳ್ಳಕ್ಕ ಬರ್ತಿದ್ದಿಲ್ಲ."

ಆ ಹೆಂಗಸು ಹೇಳಿದ್ದು ಸುಮ್ನೆ ಬಾಯಿಗೆ ಬಂದ ಮಾತಲ್ಲ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ವೇದಾಂತದ ಮೂಲಗ್ರಂಥಗಳಲ್ಲಿ ಒಂದಾದ ಬಾದರಾಯಣನ ಬ್ರಹ್ಮಸೂತ್ರದಲ್ಲಿ ನಿಮ್ಮ ಪ್ರಶ್ನೆಯೇ ಇದೆ. ಒಬ್ಬರಿಗೆ ಸುಖ ಕೊಟ್ಟು ಇನ್ನೊಬ್ಬರಿಗೆ ದುಃಖ ಕೊಡುವ ದೇವರು ಪಕ್ಷಪಾತಿ ಅಲ್ವಾ, ಕ್ರೂರಿ ಅಲ್ವಾ ಅಂತ. ಅದರ ಭಾಷ್ಯದಲ್ಲಿ ಶಂಕರಾಚಾರ್ಯರು ಮಳೆಯ ಹೋಲಿಕೆ ಕೊಡುತ್ತಾರೆ. ಮಳೆ ಎಲ್ಲದರ ಮೇಲೂ ಒಂದೇ ಥರ ಬೀಳುತ್ತದೆ. ಒಂದು ಕಡೆ ಭತ್ತ, ಇನ್ನೊಂದು ಕಡೆ ಜವೆ ಬೆಳೆದರೆ ಅದು ಬೀಜದ ಗುಣ. ದೇವರು ಮಳೆ ಇದ್ದ ಹಾಗೆ, ನಮ್ಮ ಕರ್ಮ ಬೀಜ ಇದ್ದ ಹಾಗೆ. ಸರಿ, ಮೊಟ್ಟಮೊದಲ ಕರ್ಮ ಎಲ್ಲಿಂದ ಬಂತು? ಹುಟ್ಟು ಸಾವಿನ ಈ ಸಂಸಾರಕ್ಕೆ ಮೊದಲು ಅನ್ನೋದೇ ಇಲ್ಲ, ಅದು ಅನಾದಿ ಅಂತ ಅವರ ಉತ್ತರ.

ಲೆಕ್ಕ ಬರೆಯುವವನಿಗೆ ಇದು ಹಿಡಿಸಬೇಕು. ಯಾವ ಪುಟ ತೆಗೆದರೂ ಜಮಾ ಖರ್ಚು ತಾಳೆಯಾಗುತ್ತದೆ. ಆದರೆ ಆರಂಭದ ಶಿಲ್ಕು ಯಾರೂ ನೋಡಿಲ್ಲ. ವೋಚರ್ ಇಲ್ಲದ ಖರ್ಚನ್ನೆಲ್ಲ ಹಿಂದಿನ ಪುಟಕ್ಕೆ ಹಾಕುತ್ತಾ ಹೋಗುವುದು. ನಮ್ಮ ಮಿಲ್ಲಿನಲ್ಲಿ ಹಾಗೆ ಬರೆದರೆ ಆಡಿಟರ್ ಪುಸ್ತಕ ಮುಚ್ಚಿಸುತ್ತಾನೆ. ದೇವರ ಮೇಲಿನ ಆರೋಪ ತಪ್ಪಿಸಲು ಹೋಗಿ ಅದನ್ನು ಮೂರು ವರ್ಷದ ಹುಡುಗನ ಹೆಸರಿಗೆ ಬರೆದಂತಾಯಿತು. ಕೀಳು ಜಾತಿಯಲ್ಲಿ ಹುಟ್ಟಿದ್ದು ಅವರವರ ಕರ್ಮ ಅಂತ ಹೇಳುತ್ತಾ ಬಂದದ್ದೂ ಇದೇ ಪುಸ್ತಕ ಹಿಡಿದು. ಹುಟ್ಟಿನಿಂದ ಮೇಲು ಕೀಳು ಅನ್ನೋದನ್ನು ಹನ್ನೆರಡನೇ ಶತಮಾನದ ಶರಣರು ಒಪ್ಪಲಿಲ್ಲ, ಅದೂ ಇಲ್ಲೇ ಪಕ್ಕದ ಬಸವಕಲ್ಯಾಣದಲ್ಲಿ. ನಾನೂ ಈ ಉತ್ತರ ಕೈಬಿಟ್ಟೆ.

ಮನುಷ್ಯನಿಗೆ ದೇವರು ಸ್ವಾತಂತ್ರ್ಯ ಕೊಟ್ಟಿದ್ದಾನೆ, ಕೆಡುಕು ಅದರಿಂದಲೇ ಬಂತು ಅನ್ನುವವರಿದ್ದಾರೆ. ಕೊಲೆಗೆ, ಮೋಸಕ್ಕೆ ಈ ಮಾತು ಸಾಕು. ಭೂಕಂಪಕ್ಕೆ ಸಾಲದು.

ಸಾಲದು ಅಂದೆ. ಆದರೆ ರೂಸೋ ಅನ್ನೋ ಯುರೋಪಿನ ಚಿಂತಕ ಅಲ್ಲೂ ಒಂದು ಮಾತು ಹೇಳಿದ್ದಾನೆ. 1755ರ ನವೆಂಬರ್ 1ರಂದು ಪೋರ್ಚುಗಲ್‌ನ ಲಿಸ್ಬನ್ ನಗರ ಭೂಕಂಪದಿಂದ ಹಾಳಾಯಿತು. ಅವತ್ತು ಅವರ ಸಂತರ ಹಬ್ಬ, ಬೆಳಗಿನ ಹೊತ್ತು, ಜನ ಚರ್ಚಿನಲ್ಲಿದ್ದರು. ನಮ್ಮದು ಗಣಪತಿ ಕಳಿಸಿದ ರಾತ್ರಿ, ಅವರದು ಅದು. ಸಾಧ್ಯವಿದ್ದ ಲೋಕಗಳಲ್ಲೆಲ್ಲ ಚೆನ್ನಾದದ್ದನ್ನೇ ದೇವರು ಆರಿಸಿದ್ದಾನೆ ಅಂತ 1710ರಲ್ಲಿ ಲೈಬ್ನಿಟ್ಸ್ ಅನ್ನೋ ಜರ್ಮನ್ ತತ್ವಜ್ಞಾನಿ ವಾದಿಸಿದ್ದ. ಅಂಥ ಮಾತುಗಳ ಮೇಲೆ ಫ್ರೆಂಚ್ ಬರಹಗಾರ ವಾಲ್ಟೇರ್ ಸಿಟ್ಟಿನಿಂದ ಪದ್ಯ ಬರೆದ. ಅದನ್ನು ಓದಿದ ರೂಸೋ 1756ರಲ್ಲಿ ಅವನಿಗೆ ಕಾಗದ ಬರೆದ: ಆರೇಳು ಅಂತಸ್ತಿನ ಇಪ್ಪತ್ತು ಸಾವಿರ ಮನೆಗಳನ್ನು ಅಲ್ಲಿ ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿ ಅಲ್ಲವಲ್ಲ, ಅಂತ.

ನಮ್ಮ ಮಾಳಿಗೆ ಮನೆ ನೋಡಿಯೇ ಬರೆದ ಹಾಗಿದೆ. ದಪ್ಪ ಕಲ್ಲಿನ ಗೋಡೆ. ಕಲ್ಲಿನ ನಡುವೆ ಸಿಮೆಂಟ್ ಇಲ್ಲ, ಬರೀ ಮಣ್ಣು. ಮೇಲೆ ಕಟ್ಟಿಗೆ ತೊಲೆ, ಅದರ ಮೇಲೆ ಹೇರಿದ ಮಣ್ಣು. ಬೇಸಿಗೆಯಲ್ಲಿ ಒಳಗೆ ತಂಪು. ಸೋರಬಾರದು ಅಂತ ಮಳೆಗಾಲಕ್ಕೆ ಮುಂಚೆ ಇನ್ನೊಂದಿಷ್ಟು ಮಣ್ಣು. ನಮ್ಮ ಮುತ್ಯಾ ಪ್ರತಿ ವರ್ಷ ಹಾಕಿಸುತ್ತಿದ್ದ, ಅತ್ತೆಯ ಮಾವನೂ ಹಾಕಿಸುತ್ತಿದ್ದ. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಹೆಚ್ಚಾಗಿ ಆ ಭಾರ. ಕಂಪನದ ತೀವ್ರತೆ ಸುಮಾರು 6.2. ಗಟ್ಟಿ ಕಟ್ಟಡವಿದ್ದ ಊರಾಗಿದ್ದರೆ ಇಷ್ಟು ಹೆಣ ಬೀಳುತ್ತಿರಲಿಲ್ಲ. ಆದರೂ ರೂಸೋ ಮಾತಿನಿಂದ ನನಗೆ ಪೂರ್ತಿ ಸಮಾಧಾನವಿಲ್ಲ. ನಮ್ಮವರು ಶೋಕಿಗೆ ಕಲ್ಲು ಹೇರಲಿಲ್ಲ. ಹೊಲದಲ್ಲಿ ಕಲ್ಲಿತ್ತು, ಕೈಯಲ್ಲಿ ದುಡ್ಡಿರಲಿಲ್ಲ. ಮೇಲಾಗಿ ಅದು ಭೂಕಂಪದ ಅಪಾಯ ಎಲ್ಲಕ್ಕಿಂತ ಕಡಿಮೆ ಇರುವ ವಲಯ ಅಂತ ಗುರುತಿಸಿದ್ದ ಜಾಗ. ನೆಲ ಅಲುಗಾಡಿದ್ದಂತೂ ಯಾರ ತಪ್ಪೂ ಅಲ್ಲ.

ದೇವರನ್ನು ಬಿಟ್ಟೇ ಉತ್ತರ ಹುಡುಕಿದವರು ನಮ್ಮ ನೆಲದಲ್ಲೇ ಇದ್ದರು, ಅದನ್ನೂ ಹೇಳಬೇಕು. ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷನ ಗುರು ಎನಿಸಿದ ಜೈನ ಮುನಿ ಜಿನಸೇನ, ಲೋಕವನ್ನು ಯಾರೋ ಸೃಷ್ಟಿಸಿದ ಅನ್ನೋದೇ ಒಪ್ಪತಕ್ಕ ಮಾತಲ್ಲ ಅಂದ. ಸೃಷ್ಟಿ ಮಾಡಿದವನೇ ಇಲ್ಲದಿದ್ದರೆ ದೂರುವುದು ಯಾರನ್ನು? ಭೀಮಾ ದಂಡೆಯ ಸನ್ನತಿಯಲ್ಲಿ ಬೌದ್ಧರ ಸ್ತೂಪವಿದೆ. ವಿಷದ ಬಾಣ ನಾಟಿದವನು ಹೊಡೆದವನ ಕುಲ ಯಾವುದು ಅಂತ ವಿಚಾರಿಸುತ್ತಾ ಕೂತರೆ ಸಾಯುತ್ತಾನೆ, ಮೊದಲು ಬಾಣ ಕೀಳಬೇಕು ಅಂದವನು ಬುದ್ಧ. ಎರಡೂ ಗಟ್ಟಿ ಉತ್ತರ. ನನಗೆ ಆ ಕಡೆ ಹೋಗಲು ಆಗಲಿಲ್ಲ, ಅದು ಬೇರೆ ಮಾತು.

ಹಾಗಾದರೆ ನಾನು ಏನು ಮಾಡಿದೆ? ಎಲ್ಲ ಬಲ್ಲವನು, ಎಲ್ಲ ಮಾಡಬಲ್ಲವನು, ಕರುಣಾಳು ಅಂತ ನೀವು ಹೇಳಿದ ಮೂರರಲ್ಲಿ ನಡುವಿನದನ್ನು ಬಿಟ್ಟೆ. ನನ್ನ ದೇವರ ಕೈಯಲ್ಲಿ ಎಲ್ಲವೂ ಇಲ್ಲ. ಭೂಮಿ ಅದರ ನಿಯಮದಂತೆ ಅಲುಗುತ್ತದೆ, ಮಳೆ ಅದರ ನಿಯಮದಂತೆ ಬರುತ್ತದೆ. ಇದಕ್ಕೆ ನಾನು ತೆತ್ತ ಬೆಲೆ ಚಿಕ್ಕದಲ್ಲ. ಭೂಕಂಪ ದೇವರದ್ದಲ್ಲ ಅಂದಮೇಲೆ ಮಳೆಯೂ ದೇವರದ್ದಲ್ಲ. ತೊಗರಿಗೆ ಹದವಾದ ಮಳೆ ಬಿದ್ದಾಗ ಅಪ್ಪ "ಶರಣಬಸಪ್ಪ ಕಣ್ಣ ತೆರದಾ" ಅಂತ ಕಲಬುರಗಿಯ ಆ ಶರಣರಿಗೆ ಕೈ ಮುಗಿಯುತ್ತಾರೆ. ಅಲ್ಲಿ ನಾನು ಸುಮ್ಮನಿರಬೇಕು. ಮಗಳ ಜ್ವರ ಇಳಿದರೆ ಹರಕೆ ತೀರಿಸುವ ಹಾಗೂ ಇಲ್ಲ. ನಿಜ ಹೇಳಬೇಕಂದ್ರೆ ಹೋದ ವರ್ಷ ತೀರಿಸಿಬಿಟ್ಟೆ, ಹೆಂಡತಿಗೂ ಹೇಳದೆ. ಲೆಕ್ಕದಲ್ಲಿ ಇದು ತಪ್ಪು.

ಅಷ್ಟೂ ಮಾಡಲಾಗದವನನ್ನು ದೇವರು ಅಂತ ಯಾಕೆ ಕರೆಯಬೇಕು ಅಂತ ಕೇಳುತ್ತೀರಿ. ಕೇಳಲೇಬೇಕು. ಭೂಕಂಪದ ಮೂರನೇ ದಿನ ನಮ್ಮೂರಿಂದ ಒಂದು ಟ್ರ್ಯಾಕ್ಟರ್ ಹೋಯಿತು. ಮನೆ ಮನೆಯಲ್ಲಿ ಬಡಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಕರ್ಮದ ಮಾತು ಹೇಳಿದ ಆ ಹೆಂಗಸೇ ರಾತ್ರಿಯೆಲ್ಲ ಕೂತು ಒಂದು ಬುಟ್ಟಿ ತುಂಬ ಬಡಿದಿದ್ದಳು. ಅವಳ ಕರ್ಮದ ಲೆಕ್ಕ ನಿಜವಾಗಿದ್ದರೆ ಆ ಬುಟ್ಟಿ ಬೇಕಿರಲಿಲ್ಲ. ಅವಳನ್ನು ಎಬ್ಬಿಸಿ ಒಲೆ ಮುಂದೆ ಕೂರಿಸಿದ್ದನ್ನು ನಾನು ದೇವರು ಅನ್ನುತ್ತೇನೆ. ದೇವರನ್ನು ನಂಬದವರೂ ಅವತ್ತು ರೊಟ್ಟಿ ಕಳಿಸಿದರು, ಅದಕ್ಕೇ ಇದನ್ನು ಸಾಕ್ಷಿ ಅಂತ ನಿಮ್ಮ ಮುಂದೆ ಇಡುವುದಿಲ್ಲ.

ಅತ್ತೆಯ ವಿಷಯ ಅರ್ಧಕ್ಕೆ ಬಿಟ್ಟೆ. ಆ ವಾರ ಅವರು ಕೊರಳಿನ ಶಿವದಾರ ತೆಗೆದು ಲಿಂಗವನ್ನು ನಮ್ಮ ಮನೆಯ ಗೂಡಿನಲ್ಲಿ ದೀಪದ ಪಕ್ಕ ಇಟ್ಟರು. ಯಾರೂ ಏನೂ ಅನ್ನಲಿಲ್ಲ. ಏಳೆಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮತ್ತೆ ಕಟ್ಟಿಕೊಂಡಿದ್ದರು. ಅವ್ವ ಕೇಳಿದ್ದಕ್ಕೆ, "ಕೊಳ್ಳಾಗ ಏನಿಲ್ಲಂದ್ರ ನಿದ್ದಿ ಬರಂಗಿಲ್ಲ" ಅಂದರು. ಅವರಿಂದ ಇದಕ್ಕಿಂತ ಜಾಸ್ತಿ ವಿವರಣೆ ನಾನು ಕೇಳಿಲ್ಲ.

ಈಗಲೂ ಶರಣಬಸಪ್ಪನ ಜಾತ್ರೆಗೆ ಬಂದಾಗ ನಮ್ಮಲ್ಲೇ ಉಳಿಯುತ್ತಾರೆ. ಆರ್‌ಸಿಸಿ ಹಾಕಿಸಿದ ಮನೆ. "ಒಳಗ ಬಾ ಅತ್ತಿ" ಅಂದರೆ ಒಮ್ಮೆ ಮೇಲೆ ನೋಡುತ್ತಾರೆ. "ಇರ್ಲಿ ಬಿಡಪ್ಪಾ, ಇಲ್ಲಿ ಗಾಳಿ ಚಲೋ ಅದ" ಅಂತ ಅಂಗಳದಲ್ಲೇ ಹಾಸಿಕೊಳ್ಳುತ್ತಾರೆ.