ಒಬ್ಬ ಡಾಕ್ಟರ್ 25 ಅಂದರು, ಇನ್ನೊಬ್ಬರು 8 ಅಂದರು, ಕಮಿಷನರ್ ಯಾರನ್ನು ನಂಬುತ್ತಾರೆ?

2023ರಲ್ಲಿ ಮರದ ಮಿಲ್ಲಿನಲ್ಲಿ ದಿಮ್ಮಿ ಉರುಳಿ ನಿಮ್ಮ ಅಪ್ಪನ ಮೊಣಕಾಲು ಮುರಿಯಿತು, ಚಿಕಿತ್ಸೆ ಕೊಟ್ಟ ಡಾಕ್ಟರ್ 25% ಊನ ಅಂತ ಬರೆದರು, ವಿಮೆ ಕಂಪನಿಯ ಡಾಕ್ಟರ್ 8% ಅಂದರು, ಪರಿಹಾರದ ಕೇಸು ತೀರ್ಮಾನಿಸುವ ಕಮಿಷನರ್ ಯಾರ ಮಾತು ಹಿಡಿಯುತ್ತಾರೆ ಅಂತ ಕೇಳಿದ್ದೀರಿ. ನಾನು ವಕೀಲನಲ್ಲ. ಕಾಸರಗೋಡಿನ ಬದಿಯಡ್ಕದ ಕಡೆ ಕೆಂಪು ಕಲ್ಲಿನ ಕೋರೆಯಲ್ಲಿ ಲೋಡಿಂಗ್ ಮಾಡುತ್ತಿದ್ದವ. ಬೆನ್ನುಮೂಳೆ ಮುರಿದುಕೊಂಡು ಇದೇ ದಾರಿಯಲ್ಲಿ ಮೂರು ವರ್ಷ ಅಲೆದಿದ್ದೇನೆ.

ಮೊದಲು ಆ 25 ಯಾವುದರ 25 ಅಂತ ನೋಡಿ. ಕಾಲಿನದೋ, ಇಡೀ ದೇಹದ್ದೋ? ಕಾಲಿನ ಊನದಲ್ಲಿ ಮೂರನೇ ಒಂದು ಪಾಲನ್ನು ದೇಹಕ್ಕೆ ಹಿಡಿಯುವ ರೂಢಿ ಇಂಥ ಕೇಸುಗಳಲ್ಲಿ ಇದೆ. ಹಾಗೆ ನೋಡಿದರೆ ಸುಮಾರು 8 ಬಂತಲ್ವಾ? ಇಬ್ಬರೂ ಒಂದೇ ಮಾತು ಹೇಳಿರಬಹುದು!

ಆದರೆ ದುಡ್ಡು ನಿಲ್ಲುವುದು ಇದರ ಮೇಲಲ್ಲ. 2023ರ ಅಪಘಾತಕ್ಕೆ ಅನ್ವಯಿಸುವ 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ 30%, ಒಂದು ಕಣ್ಣು ಹೋದರೆ 40% ಅಂತ ಇದೆ. ಮುರಿದು ಕೂಡಿದ ಮೊಣಕಾಲು ಅದರಲ್ಲಿಲ್ಲ. ಅಂಥದ್ದಕ್ಕೆ ದುಡಿಯುವ ಶಕ್ತಿ ಎಷ್ಟು ಹೋಯಿತು ಅಂತ ಡಾಕ್ಟರೇ ಅಳೆದು ಹೇಳಬೇಕು. ಎಡಗೈ ಕಳೆದುಕೊಂಡ ಬಡಗಿಯೊಬ್ಬನಿಗೆ, ಇನ್ನು ಬಡಗಿ ಕೆಲಸ ಸಾಧ್ಯವಿಲ್ಲ ಅಂತ, 1975ರಲ್ಲಿ ಸುಪ್ರೀಂ ಕೋರ್ಟ್ ಪೂರ್ತಿ 100% ಒಪ್ಪಿತ್ತು.

ಅಪ್ಪನಿಗೆ ಆಗ 45 ಅಂದಿರಿ. ತಿಂಗಳ ಸಂಬಳ ಜಾಸ್ತಿ ಇದ್ದರೂ 2023ರ ಅಪಘಾತಕ್ಕೆ ಲೆಕ್ಕಕ್ಕೆ ಹಿಡಿಯುವುದು 15,000 ರೂಪಾಯಿವರೆಗೆ ಮಾತ್ರ. ಅದರ 60%, ಅಂದರೆ 9,000ವನ್ನು ಕಾಯ್ದೆಯಲ್ಲಿ ಆ ವಯಸ್ಸಿಗೆ ಕೊಟ್ಟ ಅಂಕಿ 169.44ರಿಂದ ಗುಣಿಸಿ. ದುಡಿಯುವ ಶಕ್ತಿ ಹೋದದ್ದು ಅದರಲ್ಲಿ 8% ಅಂದರೆ ಸುಮಾರು 1.22 ಲಕ್ಷ, 25% ಅಂದರೆ 3.81 ಲಕ್ಷ. ಕಂಪನಿ ಯಾಕೆ ಅಷ್ಟು ಜಗ್ಗುತ್ತದೆ ಅಂತ ಗೊತ್ತಾಯಿತಲ್ಲ.

ನನ್ನ ಕೇಸಿನಲ್ಲಿ ಪರ್ಸೆಂಟಿಗಿಂತ ಜಾಸ್ತಿ ಕಾಡಿದ್ದು ಮೊದಲ ದಿನದ ಆಸ್ಪತ್ರೆ ಚೀಟಿ. ಕರೆದುಕೊಂಡು ಹೋದವ ಗಡಿಬಿಡಿಯಲ್ಲಿ ಸುಮ್ನೆ ‘ಬಿದ್ದದ್ದು’ ಅಂದ. ಆಸ್ಪತ್ರೆಯವರೂ ಅಷ್ಟೇ ಬರೆದುಕೊಂಡರು. ಕೋರೆಯ ಹೆಸರೇ ಇಲ್ಲ. ಸಾಲದ್ದಕ್ಕೆ ಎಂಆರ್‌ಐನಲ್ಲಿ ಬೆನ್ನಿನ ಸವಕಳಿ ಅಂತ ಒಂದು ಸಾಲು. ಎದುರು ವಕೀಲರು ಅದನ್ನೇ ಹಿಡಿದರು: “ಇದು ವಯಸ್ಸಿನ ಸವಕಳಿ ಅಲ್ವಾ ಡಾಕ್ಟ್ರೇ?” ನಮ್ಮ ಡಾಕ್ಟರ್ ಫಿಲ್ಮನ್ನು ಬೆಳಕಿಗೆ ಹಿಡಿದರು. “ಸವಕಳಿ ಇತ್ತು. ಆದರೆ ಇಲ್ಲಿ ನೋಡಿ, ಮುರಿದ ಮೂಳೆಯೊಳಗೆ ನೀರು ಸೇರಿದೆ. ಅದು ಹೊಸ ಪೆಟ್ಟಿನ ಗುರುತು.” ಆ ಎರಡು ನಿಮಿಷವೇ ನನ್ನನ್ನು ಉಳಿಸಿತು. ಸರ್ಟಿಫಿಕೇಟು ಒಂದೇ ಇದ್ದಿದ್ದರೆ ಈ ಮಾತು ಯಾರು ಹೇಳುತ್ತಿದ್ದರು?

ಹಾಗಾಗಿ ಚಿಕಿತ್ಸೆ ಕೊಟ್ಟವರನ್ನೇ ಸಾಕ್ಷಿಗೆ ಕರೆಸಿ. ನಮ್ಮೂರಿನವರ ಕಷ್ಟ ಗೊತ್ತಲ್ಲ, ಬೀಳುವುದು ಇಲ್ಲಿ, ಆಪರೇಷನ್ ಮಂಗಳೂರಿನಲ್ಲಿ. ತಲಪಾಡಿ ಗಡಿ ದಾಟಿ ಕೇರಳಕ್ಕೆ ಬನ್ನಿ ಅಂದರೆ ಡಾಕ್ಟರುಗಳು ಮುಖ ಸಿಂಡರಿಸುತ್ತಾರೆ. ಸಮನ್ಸ್ ಕಳಿಸಲು ವಕೀಲರಿಗೆ ಈಗಲೇ ಹೇಳಿ. ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತದೆ, ಕುಕ್ಕರುಗಾಲಲ್ಲಿ ಕೂತು ದಿಮ್ಮಿ ಎತ್ತಲು ಆಗುತ್ತದೋ ಅಂತ ಚಿಕಿತ್ಸೆ ಕೊಟ್ಟ ಡಾಕ್ಟರ ಬಾಯಿಂದಲೇ ಬರಬೇಕು. ಕಂಪನಿಯ ಡಾಕ್ಟರಿಗೆ ಎಷ್ಟು ಸಲ, ಎಷ್ಟು ಹೊತ್ತು ನೋಡಿದಿರಿ, ಮಿಲ್ಲಿನ ಕೆಲಸ ಏನಂತ ಕೇಳಿದಿರಾ ಅಂತ ವಕೀಲರು ಕೇಳಲಿ.

ಸಾಕ್ಷಿಯ ಹಿಂದಿನ ವಾರ ಅಪ್ಪನನ್ನೂ ಹಳೆ ಎಕ್ಸ್‌ರೇಗಳನ್ನೂ ಡಾಕ್ಟರ ಹತ್ತಿರ ಒಮ್ಮೆ ಕರೆದುಕೊಂಡು ಹೋಗಿ. ಎಷ್ಟೋ ಮೊಣಕಾಲು ನೋಡಿದವರು, ಅಪ್ಪನದ್ದು ನೆನಪಿರುವುದಿಲ್ಲ.