ಓದುಗರ ಪ್ರಶ್ನೆ: ಏಪ್ರಿಲ್ ತಿಂಗಳ ಒಂಬತ್ತು ಹಿಟ್‌ಗಳು

ಪ್ರಶ್ನೆ: ನಾನು ಬೆಳಗಾವಿಯ ಒಂದು ಫೌಂಡ್ರಿಯ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನನ್ನೊಡನೆ ಎಂಜಿನಿಯರಿಂಗ್ ಓದಿ ಈಗ ಅಮೆರಿಕದಲ್ಲಿರುವ ಗೆಳೆಯರು ಹನ್ನೆರಡು ತಂಡಗಳ ಫ್ಯಾಂಟಸಿ ಬೇಸ್‌ಬಾಲ್ ಲೀಗ್ ನಡೆಸುತ್ತಾರೆ, ನನ್ನನ್ನೂ ಸೇರಿಸಿಕೊಂಡರು. ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡಿದವನಲ್ಲ, ಆದರೆ ಎಕ್ಸೆಲ್ ಬಲ್ಲೆನೆಂಬ ಧೈರ್ಯವಿತ್ತು. ಏಪ್ರಿಲ್ ಕೊನೆಗೆ 0.352 ಸರಾಸರಿಯಲ್ಲಿದ್ದ ಒಬ್ಬ ಬ್ಯಾಟರನ್ನು ಪಡೆಯಲು, ಇಆರ್‌ಎ (ಒಂಬತ್ತು ಇನ್ನಿಂಗ್ಸಿಗೆ ಪಿಚರನ ಹೊಣೆಗೆ ಬಂದ ರನ್ನುಗಳ ಸರಾಸರಿ, ಕಡಿಮೆಯಾದಷ್ಟೂ ಒಳ್ಳೆಯದು) 5 ದಾಟಿದ್ದ ನನ್ನ ಪಿಚರನ್ನು, ಅಂದರೆ ಚೆಂಡು ಎಸೆಯುವವನನ್ನು, ಬಿಟ್ಟುಕೊಟ್ಟೆ. ಜೂನ್ ಹೊತ್ತಿಗೆ ಬ್ಯಾಟರ್ 0.240ಕ್ಕೆ ಇಳಿದ, ಪಿಚರ್ ಎಲ್ಲರ ಮೆಚ್ಚಿನವನಾದ, ನಾನು ಒಂಬತ್ತನೆಯ ಸ್ಥಾನದಲ್ಲಿ ಮುಗಿಸಿದೆ. ಬ್ಯಾಟರನ ಏಪ್ರಿಲ್ ಅಂಕಿಗಳನ್ನು ಲಗತ್ತಿಸಿದ್ದೇನೆ. ನನ್ನ ಲೆಕ್ಕ ಎಲ್ಲಿ ತಪ್ಪಿತು?
— ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ನಿಮ್ಮ ಕೂಡು-ಕಳೆಯುವ ಲೆಕ್ಕದಲ್ಲಿ ತಪ್ಪಿಲ್ಲ. ಆಗಿಹೋದದ್ದನ್ನು ಮುಂದೆಯೂ ಆಗುವುದೆಂದು ತಿಳಿದು ಬೆಲೆ ಕೊಟ್ಟಿರಿ, ಅಷ್ಟೆ. ಈ ಆಟವನ್ನು ಅರಿಯದ ಓದುಗರಿಗಾಗಿ ಎರಡು ಮಾತು ಹೇಳಿ ಮುಂದುವರಿಯುತ್ತೇನೆ. ಫ್ಯಾಂಟಸಿ ಬೇಸ್‌ಬಾಲಿನಲ್ಲಿ ಪ್ರತಿಯೊಬ್ಬರೂ ಅಮೆರಿಕದ ಮೇಜರ್ ಲೀಗಿನ ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೊಂದು ತಂಡ ಕಟ್ಟುತ್ತಾರೆ. ಆ ಆಟಗಾರರು ಮೈದಾನದಲ್ಲಿ ಗಳಿಸಿದ ಅಂಕಿಗಳು ಇವರ ತಂಡದ ಖಾತೆಗೆ ಜಮೆಯಾಗುತ್ತವೆ. ಇಂದು ಕಾಣುವ ರೂಪವನ್ನು 1980ರಲ್ಲಿ ಡ್ಯಾನಿಯಲ್ ಓಕ್ರೆಂಟ್ ಮತ್ತು ಅವರ ಗೆಳೆಯರು ನ್ಯೂಯಾರ್ಕಿನಲ್ಲಿ ಆರಂಭಿಸಿದರು. ಅವರು ಸೇರುತ್ತಿದ್ದ ಫ್ರೆಂಚ್ ಊಟದ ಮನೆಯ ಹೆಸರಿನಿಂದಲೇ ಅದಕ್ಕೆ ರೋಟಿಸರಿ ಲೀಗ್ ಎಂಬ ಹೆಸರು ಬಂತು. ತಲಾ 260 ಡಾಲರಿನ ಮಿತಿಯಲ್ಲಿ 23 ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವ ಕ್ರಮ ಇಂದಿಗೂ ಅನೇಕ ಲೀಗುಗಳಲ್ಲಿದೆ.

ಈಗ ನೀವು ಕಳಿಸಿದ ಚೀಟಿಗೆ ಬರೋಣ. ಏಪ್ರಿಲ್ ತಿಂಗಳಲ್ಲಿ ಆ ಬ್ಯಾಟರ್ 88 ಸಲ ಆಡಿ 31 ಹಿಟ್ ಹೊಡೆದಿದ್ದಾನೆ, ಅಂದರೆ 31 ಸಲ ಚೆಂಡು ಹೊಡೆದು ಬೇಸ್ ಎಂಬ ಓಟದ ನಿಲ್ದಾಣ ತಲುಪಿದ್ದಾನೆ. 31ನ್ನು 88ರಿಂದ ಭಾಗಿಸಿದರೆ ಬರುವುದೇ ಆ 0.352. ಆ ಹಿಟ್‌ಗಳಲ್ಲಿ 3 ಹೋಮ್ ರನ್. 22 ಸಲ ಸ್ಟ್ರೈಕ್‌ಔಟ್ ಆಗಿದ್ದಾನೆ. ಹೋಮ್ ರನ್ ಬೇಲಿಯಾಚೆ ಹೋಗುತ್ತದೆ, ಮೂರು ಸ್ಟ್ರೈಕ್ ಆಗಿ ಔಟಾಗುವ ಸ್ಟ್ರೈಕ್‌ಔಟಿನಲ್ಲಿ ಚೆಂಡು ಮೈದಾನದೊಳಗೆ ಬಿದ್ದೇ ಇರುವುದಿಲ್ಲ. ಎರಡರಲ್ಲೂ ಫೀಲ್ಡರನ ಕೈ ಸಾಮಾನ್ಯವಾಗಿ ಸೇರುವುದಿಲ್ಲ. ಇವೆರಡನ್ನೂ ತೆಗೆದರೆ ಮೈದಾನದೊಳಗೆ ಬಿದ್ದ ಚೆಂಡುಗಳು 63, ಅವುಗಳಲ್ಲಿ ಹಿಟ್ ಆದವು 28. ಭಾಗಿಸಿದರೆ 0.444. ಈ ಅನುಪಾತವನ್ನು ಬಾಬಿಪ್ ಎನ್ನುತ್ತಾರೆ. ಮೇಜರ್ ಲೀಗಿನ ಒಟ್ಟಾರೆ ಬಾಬಿಪ್ ವರ್ಷವರ್ಷವೂ 0.300ರ ಆಸುಪಾಸಿನಲ್ಲೇ ಇರುತ್ತದೆ. ವೇಗವಾಗಿ ಓಡುವವರು, ಚೆಂಡನ್ನು ನೇರ ಗೆರೆಯಂತೆ ಹೊಡೆಯುವವರು ಅದಕ್ಕಿಂತ ಕೊಂಚ ಮೇಲಿರಬಹುದು, ಆದರೆ 0.444ನ್ನು ಇಡೀ ಋತು ಉಳಿಸಿಕೊಂಡವರು ಈ ಕಾಲದ ಆಟದಲ್ಲಿ ಇಲ್ಲ. ಅದೇ 63 ಚೆಂಡುಗಳಿಗೆ 0.300 ಹಚ್ಚಿ ನೋಡಿ: 19 ಹಿಟ್, ಜೊತೆಗೆ 3 ಹೋಮ್ ರನ್, ಒಟ್ಟು 22. ಸರಾಸರಿ 0.250. ಅಂದರೆ ನೀವು ಪಿಚರನನ್ನು ಕೊಟ್ಟು ಕೊಂಡದ್ದು ಒಂಬತ್ತು ಹಿಟ್‌ಗಳನ್ನು, ವಾರಕ್ಕೆ ಎರಡರ ಲೆಕ್ಕದಲ್ಲಿ ಇಬ್ಬರು ಫೀಲ್ಡರುಗಳ ನಡುವಿನ ಸಂದಿಯಲ್ಲಿ ಉರುಳಿಹೋದ ಚೆಂಡುಗಳನ್ನು. ಜೂನಿನ 0.240 ಅವನ ಕುಸಿತವಲ್ಲ. ಅವನು ತನ್ನ ಮನೆಗೆ ಮರಳಿದ್ದು.

ಪಿಚರನ ಕಥೆ ಇದರ ತಿರುವು-ಮುರುವು. ಬ್ಯಾಟಿಗೆ ತಾಗಿ ಮೈದಾನದೊಳಗೆ ಬಿದ್ದ ಚೆಂಡು ಹಿಟ್ ಆಗುವುದೋ ಔಟ್ ಆಗುವುದೋ ಎಂಬುದರ ಮೇಲೆ ಪಿಚರುಗಳ ಹಿಡಿತ ನಾವೆಣಿಸಿದ್ದಕ್ಕಿಂತ ಬಹಳ ಕಡಿಮೆಯೆಂದು 2001ರಲ್ಲಿ ಬೇಸ್‌ಬಾಲ್ ಅಂಕಿಗಳ ವಿಶ್ಲೇಷಕ ವೊರೋಸ್ ಮೆಕ್‌ಕ್ರಾಕೆನ್ ತೋರಿಸಿದಾಗ ಹಳಬರು ಒಪ್ಪಲಿಲ್ಲ. ಮುಂದಿನ ಅಧ್ಯಯನಗಳು ಆ ಮಾತಿನ ಅಂಚುಗಳನ್ನು ತಿದ್ದಿದವೇ ಹೊರತು ತಿರುಳನ್ನು ಅಲ್ಲಗಳೆಯಲಿಲ್ಲ. ಆದ್ದರಿಂದ ಪಿಚರನಲ್ಲಿ ಮೊದಲು ನೋಡಬೇಕಾದದ್ದು ಸ್ಟ್ರೈಕ್‌ಔಟ್ ಮತ್ತು ವಾಕ್‌ಗಳ (ನಾಲ್ಕು ಕೆಟ್ಟ ಎಸೆತಗಳಿಂದ ಬ್ಯಾಟರ್‌ಗೆ ಪುಕ್ಕಟೆಯಾಗಿ ಸಿಗುವ ಮೊದಲ ಬೇಸ್) ಪ್ರಮಾಣ, ಆಮೇಲೆ ಇಆರ್‌ಎ. ನಿಮ್ಮ ಪಿಚರನ ಸ್ಟ್ರೈಕ್‌ಔಟುಗಳು ಏಪ್ರಿಲಿನಲ್ಲೂ ಚೆನ್ನಾಗಿಯೇ ಇದ್ದಿರಬೇಕು ಎಂಬುದು ನನ್ನ ಊಹೆ. ಆ ವ್ಯಾಪಾರಕ್ಕೆ ಒಪ್ಪಿದ ಗೆಳೆಯರು ಈ ಕಾಲಮ್ಮುಗಳನ್ನು ನೋಡಿಯೇ ಒಪ್ಪಿರಬೇಕು.

ನಿಮ್ಮ ಕೆಲಸದ ಭಾಷೆಯಲ್ಲೇ ಕೇಳುತ್ತೇನೆ. ಒಂದೇ ಹೀಟಿನ (ಒಮ್ಮೆ ಕರಗಿಸಿದ ಲೋಹದ) ಐದು ಕಾಸ್ಟಿಂಗ್ ನೋಡಿ ನೀವು ಇಡೀ ತಿಂಗಳ ರಿಜೆಕ್ಷನ್ ಪ್ರಮಾಣ ಬರೆದುಕೊಡುವುದಿಲ್ಲ, ಅಲ್ಲವೇ? ಬೇಸ್‌ಬಾಲಿನಲ್ಲೂ ಯಾವ ಅಂಕಿಗೆ ಎಷ್ಟು ಮಾದರಿ ಬೇಕೆಂಬುದನ್ನು ರಸೆಲ್ ಕಾರ್ಲ್‌ಟನ್ ಎಂಬವರು ಲೆಕ್ಕಹಾಕಿದ್ದಾರೆ. ಸ್ಟ್ರೈಕ್‌ಔಟ್ ಪ್ರಮಾಣ ಸುಮಾರು 60 ಸರದಿಗಳಲ್ಲಿ (ಬ್ಯಾಟರ್ ಒಮ್ಮೆ ಆಡಲು ಬಂದರೆ ಒಂದು ಸರದಿ), ವಾಕ್ ಪ್ರಮಾಣ ಸುಮಾರು 120 ಸರದಿಗಳಲ್ಲಿ ಆಟಗಾರನ ಗುಣವನ್ನು ಹೇಳತೊಡಗುತ್ತದೆ. ಬ್ಯಾಟಿಂಗ್ ಸರಾಸರಿಗೆ ಮಾತ್ರ 900ಕ್ಕೂ ಹೆಚ್ಚು ಸಲ, ಅಂದರೆ ಒಂದು ಪೂರ್ಣ ಋತುವನ್ನೂ ಮೀರಿ, ಕಾಯಬೇಕು. ಎಲ್ಲರೂ ಮೊದಲು ನೋಡುವ ಅಂಕಿಯೇ ಎಲ್ಲಕ್ಕಿಂತ ತಡವಾಗಿ ನಿಜ ಹೇಳುತ್ತದೆ ಎಂಬುದು ಈ ಆಟದ ಕುಚೋದ್ಯ.

ಹಾಗಾದರೆ ಮುಂದಿನ ವರ್ಷದ ಅಂದಾಜು ಹೇಗೆ? ಟಾಮ್ ಟ್ಯಾಂಗೊ ಎಂಬ ಹೆಸರಿನಲ್ಲಿ ಬರೆಯುವ ಸಂಖ್ಯಾಶಾಸ್ತ್ರಜ್ಞರು ಮಾರ್ಸೆಲ್ ಎಂಬ ವಿಧಾನ ರೂಪಿಸಿದ್ದಾರೆ. ಅದು ಒಂದು ಕೋತಿಯ ಹೆಸರು. ಕೋತಿಯೂ ಮಾಡಬಹುದಾದಷ್ಟು ಸರಳವೆಂಬ ತಮಾಷೆಯಿಂದ ಇಟ್ಟದ್ದು. ಕಳೆದ ವರ್ಷಕ್ಕೆ 5, ಅದರ ಹಿಂದಿನದಕ್ಕೆ 4, ಅದಕ್ಕೂ ಹಿಂದಿನದಕ್ಕೆ 3 ತೂಕ ಕೊಡಬೇಕು. ಬಳಿಕ ಲೀಗಿನ ಸರಾಸರಿ ಆಟಗಾರನ 1200 ಸರದಿಗಳನ್ನು ಅದರಲ್ಲಿ ಬೆರೆಸಬೇಕು. ಒಬ್ಬ ಬ್ಯಾಟರ್ ಮೂರು ವರ್ಷ ತಲಾ 600 ಸರದಿ ಆಡಿ ಕ್ರಮವಾಗಿ 18, 24, 30 ಹೋಮ್ ರನ್ ಹೊಡೆದಿದ್ದಾನೆ ಎನ್ನಿ. ಏರಿಕೆ ನೋಡಿದ ಅಭಿಮಾನಿ ಮುಂದಿನದು 36 ಎನ್ನುತ್ತಾನೆ. ಮಾರ್ಸೆಲ್ ಲೆಕ್ಕದಲ್ಲಿ ಹೋಮ್ ರನ್ನುಗಳ ತೂಕ 54, 96, 150 ಸೇರಿ 300. ಸರದಿಗಳ ತೂಕ 7200. ನೂರು ಸರದಿಗೆ ಮೂರರಂತೆ ಸರಾಸರಿ ಆಟಗಾರನ 36 ಹೋಮ್ ರನ್ ಬೆರೆಸಿದರೆ 8400 ಸರದಿಗೆ 336. ಅಂದರೆ 600 ಸರದಿಗೆ 24. ವಯಸ್ಸು 29ಕ್ಕಿಂತ ಕಡಿಮೆಯಿದ್ದರೆ ಒಂದಿಷ್ಟು ಏರಿಸಿ, ಹೆಚ್ಚಿದ್ದರೆ ಇಳಿಸಿ. ಎಕ್ಸೆಲಿನಲ್ಲಿ ನಾಲ್ಕು ಕಾಲಮ್ಮಿನ ಕೆಲಸ. ಸ್ಟೀಮರ್, ಜಿಪ್ಸ್ ಮುಂತಾದ ದೊಡ್ಡ ಅಂದಾಜುಗಳು ಫ್ಯಾನ್‌ಗ್ರಾಫ್ಸ್ ತಾಣದಲ್ಲಿ ಸಿದ್ಧವಾಗಿಯೇ ಸಿಗುತ್ತವೆ, ಆದರೆ ಒಮ್ಮೆ ಕೈಯಾರೆ ಇದನ್ನು ಮಾಡಿದವರಿಗೆ ಅವುಗಳನ್ನು ಓದುವ ಹದ ಬರುತ್ತದೆ.

ಅಂದಾಜು ಕೈಗೆ ಬಂದ ಮೇಲೆ ಬೆಲೆ ಕಟ್ಟುವುದು ಬೇರೆಯೇ ಕೆಲಸ, ಮತ್ತು ಎಕ್ಸೆಲ್ ಬಲ್ಲವರೂ ಇಲ್ಲಿಯೇ ಎಡವುತ್ತಾರೆ. 24 ಹೋಮ್ ರನ್ ಹೆಚ್ಚೋ, ಕದ್ದ 24 ಬೇಸ್ (ಪಿಚರ್ ಎಸೆಯುವಾಗಲೇ ಓಡಿ ಗಿಟ್ಟಿಸಿದ ಮುಂದಿನ ಬೇಸ್) ಹೆಚ್ಚೋ? ಉತ್ತರ ನಿಮ್ಮ ಲೀಗಿನ ಕಳೆದ ವರ್ಷದ ಪಟ್ಟಿಯಲ್ಲಿದೆ. ಹೋಮ್ ರನ್ನಿನಲ್ಲಿ ಮೊದಲ ತಂಡ 320, ಕೊನೆಯದು 210 ಗಳಿಸಿದ್ದರೆ ನಡುವಿನ 110ನ್ನು ಹನ್ನೆರಡು ತಂಡಗಳ ಸ್ಥಾನಗಳ ನಡುವಿನ ಹನ್ನೊಂದು ಮೆಟ್ಟಿಲುಗಳಿಗೆ ಹಂಚಿ: ಒಂದು ಮೆಟ್ಟಿಲೇರಲು 10 ಹೋಮ್ ರನ್. ಕದ್ದ ಬೇಸುಗಳಲ್ಲಿ 187 ಮತ್ತು 99 ಇದ್ದರೆ ಮೆಟ್ಟಿಲಿಗೆ 8. ಆದ್ದರಿಂದ ಆ ಲೀಗಿನಲ್ಲಿ 24 ಹೋಮ್ ರನ್ನಿಗಿಂತ 24 ಬೇಸು ತುಸು ತುಟ್ಟಿ. ಇಷ್ಟಾದ ಬಳಿಕ ಯಾರ ತಂಡದಲ್ಲೂ ಇಲ್ಲದ, ಪುಕ್ಕಟೆಯಾಗಿ ಸಿಗುವ ಆಟಗಾರನ ಮಟ್ಟವನ್ನು ಕಳೆಯಲೇಬೇಕು. ರವಿವಾರ ಪೇಟೆಯ ಎಲ್ಲ ಅಂಗಡಿಗಳಲ್ಲೂ ಒಂದೇ ದರಕ್ಕೆ ಸಿಗುವ ಮಾಲಿಗೆ ಲಿಲಾವಿನಲ್ಲಿ ಯಾರೂ ಏರಿಸಿ ಕೂಗುವುದಿಲ್ಲ. ಬ್ಯಾಟರನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರುಗಳಲ್ಲಿ ಒಳ್ಳೆಯವರು ಕೆಲವರೇ ಇರುವುದರಿಂದ ಅವರ 20 ಹೋಮ್ ರನ್ನಿಗೆ ಹೊರಮೈದಾನದವರ 20ಕ್ಕಿಂತ ಹೆಚ್ಚು ಬೆಲೆ.

ಆದರೆ ನಿಯಮ ಬದಲಾದರೆ ಹಳೆಯ ಪಟ್ಟಿಯೂ ಕೆಲಸಕ್ಕೆ ಬಾರದು. 2023ರಲ್ಲಿ ಬೇಸಿನ ಅಗಲವನ್ನು 15 ಅಂಗುಲದಿಂದ 18ಕ್ಕೆ ಏರಿಸಿದರು, ಪಿಚರ್ ಓಟಗಾರನನ್ನು ತಡೆಯಲು ತಿರುಗಿ ಎಸೆಯುವುದಕ್ಕೆ ಮಿತಿ ಹಾಕಿದರು. ಹಿಂದಿನ ವರ್ಷ ಇಡೀ ಮೇಜರ್ ಲೀಗಿನಲ್ಲಿ 2486 ಇದ್ದ ಕದ್ದ ಬೇಸುಗಳು ಆ ವರ್ಷ 3503 ಆದವು. 2022ರ ಮೆಟ್ಟಿಲಿನ ಲೆಕ್ಕ ಹಿಡಿದು ಓಟಗಾರರಿಗೆ ಹಣ ಸುರಿದವರು ಎಲ್ಲೆಡೆಯೂ ಸಿಗುವ ಮಾಲನ್ನೇ ತುಟ್ಟಿಗೆ ಕೊಂಡಂತಾಯಿತು.

ಮೈದಾನವನ್ನೂ ನೋಡಿ. ಡೆನ್ವರಿನ ಕೂರ್ಸ್ ಫೀಲ್ಡ್ ಇರುವುದು ಸುಮಾರು 5200 ಅಡಿ ಎತ್ತರದಲ್ಲಿ, ನಮ್ಮ ಬೆಳಗಾವಿಯ ಎರಡು ಪಟ್ಟು. ತೆಳುವಾದ ಗಾಳಿಯಲ್ಲಿ ಚೆಂಡು ದೂರ ಹೋಗುತ್ತದೆ, ತಿರುವು ಕಡಿಮೆಯಾಗುತ್ತದೆ. ಅಲ್ಲಿ ಆಡುವ ಬ್ಯಾಟರನ ಅಂಕಿಯಲ್ಲಿ ಊರಿನ ಪಾಲನ್ನು ಕಳೆದು ಓದಬೇಕು.

ಪ್ರಶ್ನೆ: ನಾನು ಬಾಗಲಕೋಟೆಯಲ್ಲಿ ಎಂಸಿಎ ಓದುತ್ತಿದ್ದೇನೆ. ಫ್ಯಾಂಟಸಿ ಬೇಸ್‌ಬಾಲ್ ಅಂಕಗಳನ್ನು ಮುಂಚಿತವಾಗಿ ಹೇಳುವ ಪ್ರಾಜೆಕ್ಟನ್ನು ಪೈಥಾನಿನಲ್ಲಿ ಮಾಡಿದ್ದೇನೆ. ನನ್ನ ಮಾಡೆಲ್ ಶೇ 96ರಷ್ಟು ಸರಿ ಹೇಳುತ್ತಿದೆ, ಆದರೆ ನಮ್ಮ ಗೈಡ್ ಮೇಡಮ್ ನಂಬುತ್ತಿಲ್ಲ. ಮಾದರಿ ಹಾಳೆಯನ್ನು ಕಳಿಸಿದ್ದೇನೆ.
— ವಿದ್ಯಾರ್ಥಿನಿ, ವಿದ್ಯಾಗಿರಿ, ಬಾಗಲಕೋಟೆ

ಉತ್ತರ: ನಿಮ್ಮ ಮೇಡಮ್ ಅವರ ಸಂಶಯ ನ್ಯಾಯವಾದದ್ದು. ನೀವು 2022ರ ಹಿಟ್, ರನ್, ಹೋಮ್ ರನ್‌ಗಳನ್ನು ಕೊಟ್ಟು 2022ರ ಅಂಕಗಳನ್ನೇ ಕೇಳಿದ್ದೀರಿ. ಅಂಕಗಳು ಹುಟ್ಟುವುದೇ ಆ ಕಾಲಮ್ಮುಗಳಿಂದ. ಉತ್ತರಪತ್ರಿಕೆಯನ್ನು ಮುಂದಿಟ್ಟುಕೊಂಡು ಪರೀಕ್ಷೆ ಬರೆದರೆ 96 ಬಂದದ್ದೇ ಕಡಿಮೆ. 2021ರವರೆಗಿನ ಅಂಕಿಗಳಿಂದ ಕಲಿಸಿ, 2022ನ್ನು ಮುಚ್ಚಿಟ್ಟು ಪರೀಕ್ಷಿಸಿ, ಬಂದ ದೋಷವನ್ನು ಮೇಲೆ ಹೇಳಿದ ಮಾರ್ಸೆಲ್ ವಿಧಾನದ ದೋಷದೊಂದಿಗೆ ಹೋಲಿಸಿ. ಕೋತಿಯನ್ನು ಸ್ವಲ್ಪವಾದರೂ ಸೋಲಿಸಿದರೆ ಅದು ನಿಜವಾದ ಪ್ರಾಜೆಕ್ಟ್. ಅಂಕಗಳ ಒಟ್ಟು ಮೊತ್ತದ ಬದಲು ಪ್ರತಿ ಸರದಿಯ ಪ್ರಮಾಣವನ್ನು ಬಳಸಿ, ಏಕೆಂದರೆ ಕೋವಿಡ್ ಕಾರಣದಿಂದ 2020ರ ಋತು 162 ಪಂದ್ಯಗಳ ಬದಲು 60ಕ್ಕೇ ಮುಗಿಯಿತು. ನಿಮ್ಮ ಹಾಳೆಯಲ್ಲಿ ಆ ವರ್ಷ ಎಲ್ಲರೂ ಒಮ್ಮೆಲೇ ಕೆಟ್ಟ ಆಟಗಾರರಾದಂತೆ ಕಾಣುತ್ತಿದೆ.

ಇನ್ನೊಂದು ದೋಷ ನನಗೆ ಹೆಚ್ಚು ಹಿಡಿಸಿತು. ನೀವು ಎರಡು ಕೋಷ್ಟಕಗಳನ್ನು ಆಟಗಾರರ ಹೆಸರಿನಿಂದ ಜೋಡಿಸಿದ್ದೀರಿ, ಅದರಿಂದ ವಿಲ್ ಸ್ಮಿತ್ ಎಂಬ ಒಬ್ಬನೇ ವ್ಯಕ್ತಿ ಕ್ಯಾಚರನೂ ಆಗಿದ್ದಾನೆ, ಎಡಗೈ ಪಿಚರನೂ ಆಗಿದ್ದಾನೆ. ಅವರು ಇಬ್ಬರು. 2020ರ ಪ್ಲೇಆಫ್ ಪಂದ್ಯವೊಂದರಲ್ಲಿ ಡಾಡ್ಜರ್ಸ್ ತಂಡದ ವಿಲ್ ಸ್ಮಿತ್, ಬ್ರೇವ್ಸ್ ತಂಡದ ವಿಲ್ ಸ್ಮಿತ್ ಎಸೆತಕ್ಕೇ ಹೋಮ್ ರನ್ ಹೊಡೆದಿದ್ದಾರೆ. ಶೋಹೆ ಓಟಾನಿಯವರದು ತದ್ವಿರುದ್ಧ ಸಮಸ್ಯೆ: ಒಬ್ಬರೇ ಇದ್ದರೂ ಬ್ಯಾಟರುಗಳ ಪಟ್ಟಿಯಲ್ಲೂ ಪಿಚರುಗಳ ಪಟ್ಟಿಯಲ್ಲೂ ಬರುತ್ತಾರೆ. ನಮ್ಮ ಮತದಾರರ ಪಟ್ಟಿಯಲ್ಲಿ ಒಂದೇ ಓಣಿಯ ನಾಲ್ವರು ಬಸವರಾಜರನ್ನು ಗುರುತಿನ ಸಂಖ್ಯೆ ಬೇರ್ಪಡಿಸುವ ಹಾಗೆ ಇಲ್ಲಿಯೂ ಪ್ರತಿ ಆಟಗಾರನಿಗೆ ಒಂದು ಐಡಿ ಇರುತ್ತದೆ. ಜೋಡಣೆ ಅದರಿಂದಲೇ ಆಗಬೇಕು. ಹಳೆಯ ಅಂಕಿಗಳಿಗೆ 1871ರಿಂದ ಆರಂಭವಾಗುವ ಲಾಮನ್ ದತ್ತಾಂಶ, ಪ್ರತಿ ಎಸೆತದ ಅಳತೆಗೆ 2015ರಿಂದ ಎಲ್ಲ ಮೈದಾನಗಳಲ್ಲಿ ಬಂದ ಸ್ಟ್ಯಾಟ್‌ಕ್ಯಾಸ್ಟ್ ನಿಮಗೆ ಸಾಕು. ಎರಡೂ ಉಚಿತ.

ಪ್ರಶ್ನೆ: ನನ್ನ ಮಗ ಬೆಳಗಿನ ನಾಲ್ಕೂವರೆಗೆ ಎದ್ದು ಮೊಬೈಲಿನಲ್ಲಿ ಬೇಸ್‌ಬಾಲ್ ತಂಡ ಕಟ್ಟುತ್ತಾನೆ. ಕೇಳಿದರೆ ಸಂಖ್ಯಾಶಾಸ್ತ್ರ ಎನ್ನುತ್ತಾನೆ. ಇದು ಜೂಜಲ್ಲವೇ?
— ಓದುಗರು, ಶಹಾಪುರ, ಬೆಳಗಾವಿ

ಉತ್ತರ: ಹಣ ಕಟ್ಟಿದ್ದಾನೆಯೇ ಎಂಬುದನ್ನು ಮೊದಲು ಕೇಳಿರಿ. ಹಣ ಗೆಲ್ಲುವ ನಿರೀಕ್ಷೆಯಲ್ಲಿ ಶುಲ್ಕ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ನಿಷೇಧಿಸಿದೆ. ಆಟದಲ್ಲಿ ಎಷ್ಟು ಜಾಣ್ಮೆ ಬೇಕೆಂಬ ವಾದ ಅಲ್ಲಿ ನಡೆಯುವುದಿಲ್ಲ. ಗೆಳೆಯರ ನಡುವೆ ಹಣವಿಲ್ಲದೆ ನಡೆಯುವ ಲೀಗಾದರೆ ಚಿಂತೆಗೆ ಕಾರಣವಿಲ್ಲ. ಸಂಖ್ಯಾಶಾಸ್ತ್ರವೆಂಬ ಅವನ ಮಾತನ್ನು ಪರೀಕ್ಷಿಸಲು ಅವನ ಹಾಳೆಯಲ್ಲಿ ಬಾಬಿಪ್ ಕಾಲಮ್ ಇದೆಯೇ ಎಂದು ನೋಡಿದರೆ ಸಾಕು.

ನಾಲ್ಕೂವರೆಯ ವಿಷಯ ಹೇಳುವುದಾದರೆ, ನ್ಯೂಯಾರ್ಕಿನಲ್ಲಿ ಸಂಜೆ ಏಳಕ್ಕೆ ಆರಂಭವಾಗುವ ಪಂದ್ಯ ಬೇಸಿಗೆಯಲ್ಲಿ ನಮಗೆ ನಸುಕಿನ ನಾಲ್ಕೂವರೆ. ಯಾರು ಆಡುತ್ತಾರೆ, ಯಾರು ಕೂರುತ್ತಾರೆ ಎಂಬುದು ಅದಕ್ಕೆ ಕೆಲವು ಗಂಟೆ ಮೊದಲು, ನಮ್ಮ ನಡುರಾತ್ರಿಯ ಮೇಲೆ, ತಿಳಿಯುತ್ತದೆ. ಆದ್ದರಿಂದ ದಿನದಿನ ತಂಡ ಬದಲಿಸುವ ಲೀಗಿನಲ್ಲಿ ಅವನ ಎಚ್ಚರಕ್ಕೆ ಅರ್ಥವಿದೆ. ವಾರಕ್ಕೊಮ್ಮೆ ತಂಡ ಬೀಗ ಹಾಕುವ ಲೀಗಾದರೆ ಸೋಮವಾರದ ಕೆಲಸ ಮುಗಿದ ಮೇಲೆ ಉಳಿದ ಆರು ನಸುಕು ಅವನು ಮಲಗಬಹುದು. ಹಾಗಿದ್ದೂ ಏಳುತ್ತಿದ್ದರೆ ಅವನು ಆಟ ನೋಡಲೆಂದೇ ಏಳುತ್ತಿದ್ದಾನೆ, ಮತ್ತು ಆ ಹೊತ್ತಿಗೆ ಮನೆಯಲ್ಲಿ ಚಹಾ ಯಾರು ಕಾಸುತ್ತಾರೆ ಎಂಬುದನ್ನು ನೀವಿಬ್ಬರೇ ತೀರ್ಮಾನಿಸಿಕೊಳ್ಳಬೇಕು.